ನಂಬರು ಹಚ್ಚಿದ ಮನೆಗಳು

ಮುಐದರ್, ಕತಾರ್
8 ಫೆಬ್ರವರಿ 2025, ಶನಿವಾರ

ಶ್ರೀಮತಿ ಶಿವರಂಜನಿ ಅಕ್ಕನವರ ಸನ್ನಿಧಾನಕ್ಕೆ,

ಬಾಗಲಕೋಟೆ ನವನಗರದಿಂದ ನೀನು ರವಾನಿಸಿದ ಗೂಳಪ್ಪ ಮಾಸ್ತರ ಎಂಬ ಸರಕು ಎರಡು ಚೀಲ, ಒಂದು ಕೊಡೆ ಮತ್ತು ಎಪ್ಪತ್ನಾಲ್ಕು ವರ್ಷದ ಹಟದ ಸಮೇತ ಸುರಕ್ಷಿತವಾಗಿ ತಲುಪಿದೆ. ಮಳೆಯೇ ಇಲ್ಲದ ಊರಿಗೆ ಕೊಡೆ ಯಾಕಪ್ಪಾ ಎಂದರೆ, "ನೀರಿಂದು ಯಾರಿಗೆ ಗೊತ್ತೋ" ಎಂದ. ಅಪ್ಪನ ಮಾತಿಗೆ ಎಲ್ಲಿ ನಗಬೇಕೆಂದು ಹುಟ್ಟಿದಾಗಿನಿಂದ ರೂಢಿಯಿದೆಯಲ್ಲ, ನಕ್ಕೆ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ಮುಐದರಿನಲ್ಲಿ ನಾವಿರುವುದು ಒಂದು ಭವ್ಯ ವಿಲ್ಲಾ. ಕಟ್ಟಿಸಿದವನು ಒಂದು ಸಂಸಾರಕ್ಕೆಂದು ಕಟ್ಟಿಸಿದ, ಬಾಡಿಗೆಗೆ ಕೊಟ್ಟವನು ಪ್ಲೈವುಡ್ ಹೊಡೆದು ಎಂಟು ಸಂಸಾರ ಮಾಡಿದ. ನಮ್ಮ ಪಾಲಿಗೆ ಬಂದದ್ದು ದಿವಾನಖಾನೆಯ ಅರ್ಧ ಮತ್ತು ಗಾಜಿನ ದೀಪದ ಗೊಂಚಲಿನ ಮುಕ್ಕಾಲು. ಇಲ್ಲಿ ಪಿಸುಗುಟ್ಟಿದರೆ ಮೇಲಿನ ಮಹಡಿಯ ನರ್ಸ್ ಫ್ಲೋರಿನ್ ಬಾಯಿ ಉತ್ತರ ಕೊಡುತ್ತಾರೆ. ಅದಕ್ಕೇ ಆಫೀಸಿನಿಂದ ಟೈಪ್ ಮಾಡಿ ಕಳಿಸುತ್ತಿದ್ದೇನೆ. ನೀನು ಎಂದಿನಂತೆ ಹಾಳೆಯ ಮೇಲೆ ಬರೆದು ಫೋಟೋ ಹೊಡೆದು ಕಳಿಸು.

ನಿನ್ನೆ ಶುಕ್ರವಾರ ಅಪ್ಪನಿಗೆ ಜಲವಿಹಾರ ಮಾಡಿಸಿದೆ. ಸಮುದ್ರಕ್ಕೆ ಮಣ್ಣು ಸುರಿದು ಇವರೊಂದು ದ್ವೀಪ ಮಾಡಿದ್ದಾರೆ. ಆ ದ್ವೀಪದೊಳಕ್ಕೆ ಮತ್ತೆ ಸಮುದ್ರವನ್ನು ಕರೆದು ಕಾಲುವೆ, ಕೊಳ, ಡೊಂಕು ಸೇತುವೆ ಮಾಡಿದ್ದಾರೆ. ದಡದ ತುಂಬ ಹಳದಿ, ಗುಲಾಬಿ ಬಣ್ಣದ ಇಟಲಿ ಮಾದರಿಯ ಮನೆಗಳು, ಮುಂದೆ ಪುಟ್ಟ ಪುಟ್ಟ ತೋಟ. ಬ್ಯಾಟರಿ ದೋಣಿ ನಡೆಸುವವನು ಬ್ರ್ಯಾಂಡನ್, ನಮ್ಮ ಮಂಗಳೂರಿನವನು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ತೋರಿಸಿ, ಇವು ಐತಿಹಾಸಿಕ ಶೈಲಿಯ ಜಲತೀರದ ಭವನಗಳು ಎಂದು ಹೇಳಿದ. ಆ ಇತಿಹಾಸಕ್ಕಿಂತ ನಮ್ಮ ಮನೆಯ ಪ್ರೆಶರ್ ಕುಕ್ಕರಿಗೆ ವಯಸ್ಸು ಹೆಚ್ಚು. ಆದರೂ ಶಿಲ್ಪಶ್ರೀ ಮೂವತ್ತು ಫೋಟೋ ಹೊಡೆದಳು. ಗಂಡನಾದ ನನ್ನದೊಂದು ಫೋಟೋ ಕೇಳಿದರೆ ಬ್ಯಾಟರಿ ಇಲ್ಲ ಎಂದಳು.

ಅಪ್ಪ ತೋಟ ನೋಡಲಿಲ್ಲ, ಸೇತುವೆ ನೋಡಲಿಲ್ಲ. ಗೋಡೆಗಳನ್ನೇ ನೋಡುತ್ತಿದ್ದ. ಆಮೇಲೆ, "ಎಲ್ಲಾ ಮನಿಗೂ ನಂಬರ್ ಹಚ್ಚ್ಯಾರಲ್ಲೋ ಸಂಜ್ಯಾ, ಒಂದೂ ಬಿಟ್ಟಿಲ್ಲ" ಎಂದ. ನಾನು ಉಬ್ಬಿಹೋದೆ. ಈ ದೇಶದಲ್ಲಿ ಪ್ರತಿ ಕಟ್ಟಡಕ್ಕೂ ಒಂದು ನೀಲಿ ಫಲಕ, ಅದರಲ್ಲಿ ವಲಯ, ಬೀದಿ, ಮನೆಯ ಸಂಖ್ಯೆ. ಅದೊಂದಿದ್ದರೆ ಆಂಬುಲೆನ್ಸೂ ಬರುತ್ತದೆ, ಪಿಜ್ಜಾವೂ ಬರುತ್ತದೆ ಎಂದು ವಿವರಿಸಿದೆ. "ಸರ್ಕಾರಾನ ಹಚ್ಚೇತೇನು?" ಎಂದು ಕೇಳಿದ. ಹೌದಪ್ಪಾ, ಸರ್ಕಾರವೇ ಎಂದೆ. ಅಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇಲ್ಲಿನ ಆಡಳಿತಕ್ಕೆ ಅಪ್ಪನಷ್ಟು ಮರ್ಯಾದೆ ಕೊಟ್ಟ ಮತ್ತೊಬ್ಬ ಪ್ರವಾಸಿಯನ್ನು ನಾನು ನೋಡಿಲ್ಲ.

ಪತ್ರದ ಕೊನೆಗೆ ನೀನು ಕೇಳುವ ಪ್ರಶ್ನೆಗೆ ಮೊದಲೇ ಉತ್ತರ: ರಜೆಯ ಅರ್ಜಿ ಮ್ಯಾನೇಜರ ಮೇಜಿನ ಮೇಲೆ ಮಲಗಿದೆ.

ನಿನ್ನ ತಮ್ಮ,
ಸಂಜೀವ


ನವನಗರ, ಬಾಗಲಕೋಟೆ
10 ಫೆಬ್ರವರಿ 2025

ಸಂಜ್ಯಾ,

ಸರಕು ತಲುಪಿದ್ದಕ್ಕೆ ಸಂತೋಷ. ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಅಂಗಡಿಯಲ್ಲಿ ಸದ್ಯಕ್ಕಿಲ್ಲ.

ಕತಾರೆಂದರೆ ಉಸುಕು ಎಂದು ಭೂಗೋಳದಲ್ಲಿ ಓದಿ, ನಂಬಿ ಅವನನ್ನು ಕಳಿಸಿದೆ. ಅಷ್ಟು ದೊಡ್ಡ ಮರುಭೂಮಿಯಲ್ಲಿ ಹುಡುಕಿ ಹುಡುಕಿ ನೀನು ನೀರನ್ನೇ ಹಿಡಿದೆಯಲ್ಲ, ನಿನ್ನ ಜಾಣತನಕ್ಕೆ ಏನು ಹೇಳಲಿ. ಒಂಟೆ ಇಲ್ಲವೇ ಅಲ್ಲಿ? ಮರಳ ದಿಬ್ಬ ಇಲ್ಲವೇ? ಜನ ಮೂರು ಗಂಟೆ ಸುತ್ತಿ ಏನೂ ಕೊಳ್ಳದೆ ಬರುವ ಅಂಗಡಿಗಳಿಲ್ಲವೇ? ಅಲ್ಲಿಗೆ ಕರೆದುಕೊಂಡು ಹೋಗು. ದೋಣಿ ಬೇಡ. ಅವನಿಗೆ ನೆಗಡಿ ಆಗುತ್ತದೆ.

ನಮ್ಮ ಕರೆಂಟ್ ಆಫೀಸಿನಲ್ಲಿ ಎಲ್ಲ ಕ್ಷೇಮ. ಕರೆಂಟ್ ಇಲ್ಲ ಎಂದು ಬೈಯಲು ಬಂದವರು ನನ್ನ ಕೌಂಟರಿನಲ್ಲೂ ಕರೆಂಟ್ ಇಲ್ಲದ್ದು ಕಂಡು ಸಮಾಧಾನದಿಂದ ಮರಳುತ್ತಾರೆ.

ನೀ ಯಾವಾಗ ಬರ್ತಿ?

ಅಕ್ಕ


ಮುಐದರ್
15 ಫೆಬ್ರವರಿ 2025

ಅಕ್ಕಾ,

ನಿನ್ನ ಆಜ್ಞೆಯಂತೆ ಒಂಟೆ ತೋರಿಸಿದೆ. ಒಂಟೆ ಅಪ್ಪನನ್ನು ನೋಡಿತು, ಅಪ್ಪ ಒಂಟೆಯನ್ನು ನೋಡಿದ, ಇಬ್ಬರಿಗೂ ಬೇಸರ ಬಂತು. ಅಂಗಡಿಗೂ ಹೋದೆವು. ಅಲ್ಲಿಯೂ ಅಪ್ಪನ ವರಾತ ಒಂದೇ: ದೋಣಿ, ದೋಣಿ. ತಡೆಯಲಾರದೆ ನಿನ್ನೆ ಮತ್ತೆ ಹೋದೆವು. ನೆಗಡಿ ಆಗಿಲ್ಲ. ಸೀನಿದ್ದು ನಾನು.

ಈ ಸಲ ಅಪ್ಪ ಬ್ರ್ಯಾಂಡನ್ ಪಕ್ಕದಲ್ಲೇ ಕೂತ. ಮೂವತ್ತು ವರ್ಷ ಹಿಂದಿ ಕಲಿಸಿದವನಲ್ಲವೇ, ಮಂಗಳೂರಿನವನಾದರೂ ಹೊರಗೆ ಬೆಳೆದ ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ಇಬ್ಬರ ಮಾತುಕತೆ ಹಿಂದಿಯಲ್ಲೇ. ಕೊಳದ ತಿರುವಿನಲ್ಲಿ ಒಂದು ಹಳದಿ ಮನೆ. ನೀರಿಗೆ ಇಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೆ ತೋಟ. ಅಲ್ಲೊಬ್ಬ ದೊಡ್ಡ ಹೊಟ್ಟೆಯ ಗೃಹಸ್ಥ ಕಾಗದದ ಹೂವಿನ ಬಳ್ಳಿಗೆ ನೀರು ಹಾಯಿಸುತ್ತಿದ್ದ. ಅಪ್ಪ ಎದ್ದು ನಿಂತು ಅವನನ್ನು ಕೂಗಿಯೇಬಿಟ್ಟ. ಬ್ರ್ಯಾಂಡನ್ ಗಾಬರಿಯಾಗಿ ದೋಣಿಯನ್ನು ಮೆಟ್ಟಿಲಿಗೆ ತಾಗಿಸಿದ.

ಅವನ ಹೆಸರು ಝಿಯಾದ್, ಲೆಬನಾನ್ ದೇಶದವನು. ಹಿಂದಿ ಬಾರದು. ಅಪ್ಪ ನನ್ನ ಕಡೆ ತಿರುಗಿ, "ಇವಂಗ ಹೇಳು. ನೀರು ಮೆಟ್ಟಲಿಗೆ ಬಂದೈತಿ. ತೊಲಿ, ಬಾಗಲದ ಚೌಕಟ್ಟ ಈಗ ಬಿಚ್ಚಿಕೋ ಅನ್ನು. ಆಮ್ಯಾಲೆ ಉಬ್ಬಿ ಕೂಡತಾವು, ಬಿಚ್ಚಾಕ ಬರೂದಿಲ್ಲ" ಎಂದ.

ಅಕ್ಕಾ, ಮೀಸೆಯ ಬಲಗಡೆಯ ತುದಿ ಕುಣಿದರೆ ಅಪ್ಪ ಚೇಷ್ಟೆ ಮಾಡುತ್ತಿದ್ದಾನೆಂದು ನಮಗಿಬ್ಬರಿಗೂ ಗೊತ್ತು. ಅವನ ಬಲಕ್ಕೆ ನಾನಿದ್ದೆ. ಕುಣಿದಂತೆಯೂ ಇತ್ತು. ಗಾಳಿಯೂ ಇತ್ತು.

ಅನುವಾದಕನ ಧರ್ಮ ಬಹಳ ಕಠಿಣ. ನಾನು ಝಿಯಾದನಿಗೆ ಇಂಗ್ಲಿಷಿನಲ್ಲಿ, ನಿಮ್ಮ ಬಾಗಿಲು ಬಹಳ ಚೆನ್ನಾಗಿದೆಯೆಂದು ನಮ್ಮ ತಂದೆ ಹೇಳುತ್ತಿದ್ದಾರೆ ಎಂದೆ. ಅವನು ಹಿಗ್ಗಿ ಎರಡೂ ಕದ ಹಾರು ಹೊಡೆದು, ಚೌಕಟ್ಟನ್ನು ತಟ್ಟಿ ತಟ್ಟಿ ತೋರಿಸಿದ. ಅಪ್ಪನೂ ತಟ್ಟಿದ. ಖರ್ಜೂರ ಬಂತು, ಗುಬ್ಬಚ್ಚಿ ಕುಡಿಯುವಷ್ಟು ಕಾಫಿ ಬಂತು. ಇಬ್ಬರೂ ಎದೆಯ ಮೇಲೆ ಕೈಯಿಟ್ಟುಕೊಂಡು ಬೀಳ್ಕೊಂಡರು. ದೋಣಿಯಲ್ಲಿ ಅಪ್ಪ ಸಮಾಧಾನದಿಂದ, "ಶಾಣ್ಯಾ ಅದಾನ. ಬಿಚ್ಚತಾನ" ಎಂದ.

ಶಿಲ್ಪಶ್ರೀ ನಕ್ಕು ನಕ್ಕು ದೋಣಿ ಅಲ್ಲಾಡಿತು. ನಾನೂ ನಕ್ಕೆ. ಅಪ್ಪ ಮಾತ್ರ ನಗಲಿಲ್ಲ, ಆದರೆ ಅಪ್ಪ ತನ್ನ ಜೋಕಿಗೆ ಎಂದು ನಕ್ಕಿದ್ದಾನೆ ಹೇಳು.

ರಜೆಯ ಅರ್ಜಿ ಮೇಜಿನಿಂದ ಕಪಾಟಿಗೆ ಬಡ್ತಿ ಪಡೆದಿದೆ.

ಸಂಜೀವ


ನವನಗರ
17 ಫೆಬ್ರವರಿ 2025

ಸಂಜ್ಯಾ,

ನಿನ್ನ ಪತ್ರ ಓದಿ ಕೌಂಟರಿನಲ್ಲೇ ನಕ್ಕೆ. ಬಿಲ್ ಕಟ್ಟಲು ನಿಂತವರು ದರ ಇಳಿಯಿತೇನೋ ಎಂದುಕೊಂಡರು.

ಅದು ಅಪ್ಪನ ಹಳೆಯ ಆಟ. ನೀನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದೆ, ನಿನಗೆ ಗೊತ್ತಿಲ್ಲ. ಆಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಮುಳುಗುತ್ತದೆಂದು ಸರ್ವೇದವರು ನಮ್ಮ ಓಣಿಗೆ ಬಂದು ಮನೆ ಮನೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದರಲ್ಲ, ನಮ್ಮ ಗೋಡೆಗೆ ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ನಿಂತವನು ಅಪ್ಪನೇ. "ದುಂಡಗ ಬರೀರಿ ಸಾಹೇಬ್ರ, ಮಗಳ ಮದುವಿ ಐತಿ" ಎಂದ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ನೀರು ಬರುತ್ತದೆಂದು ಆಗ ಯಾರು ನಂಬಿದ್ದರು? ಅಪ್ಪನಂತೂ ಎಲ್ಲರಿಗಿಂತ ಕಡೆಗೆ ಬಿಟ್ಟ. ತೊಲೆ ಬಿಚ್ಚುವಷ್ಟರಲ್ಲಿ ಹಿತ್ತಲಿಗೆ ನೀರು ಬಂದಿತ್ತು. ಉಳಿದದ್ದು ತಲಬಾಗಿಲಿನ ಚೌಕಟ್ಟೊಂದೇ. ನವನಗರದ ಮನೆಗೆ ಅದು ದೊಡ್ಡದಾಯಿತು. ಇಂದಿಗೂ ಹಿತ್ತಲ ಗೋಡೆಗೆ ಒರಗಿ ನಿಂತಿದೆ. ಕದವಿಲ್ಲ, ಮನೆಯಿಲ್ಲ, ಅದರ ಮೇಲೆ ನಾನು ಸೀರೆ ಒಣಗಿಸುತ್ತೇನೆ.

ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ? ಧೋತರಗಳನ್ನು ಗಂಟು ಕಟ್ಟಿ ತಲೆದೆಸೆಗೆ ಇಟ್ಟುಕೊಳ್ಳುತ್ತಾನೆಯೇ? ಸುಮ್ಮನೆ ಕೇಳಿದೆ.

ನೀ ಯಾವಾಗ ಬರ್ತಿ?

ಅಕ್ಕ


ಮುಐದರ್
22 ಫೆಬ್ರವರಿ 2025

ಅಕ್ಕಾ,

ಹೌದು, ಗಂಟು ಕಟ್ಟುತ್ತಾನೆ. ನಿನಗೆ ಹೇಗೆ ಗೊತ್ತಾಯಿತು? ಇಲ್ಲಿ ಕಪಾಟಿಲ್ಲದ್ದಕ್ಕೆ ಎಂದುಕೊಂಡಿದ್ದೆ.

ನಿನ್ನೆ ಆದದ್ದನ್ನು ಕೇಳು. ಅದಕ್ಕೆ ನಾನು ಹೊಣೆಯಲ್ಲ, ವಿಧಿ ಹೊಣೆ. ಮೂರನೆಯ ಸಲ ಆ ಕೊಳದ ತಿರುವಿಗೆ ಹೋದೆವು. ಝಿಯಾದನ ಮನೆಯ ಕಿಟಕಿಗಳಿಗೆ ಪರದೆ ಇಲ್ಲ. ಮಗ್ಗುಲ ಬೀದಿಯಲ್ಲಿ ಮನೆ ಸಾಗಿಸುವ ಲಾರಿ. ನಾಲ್ಕು ಜನ ಸೋಫಾ ಹೊರುತ್ತಿದ್ದಾರೆ. ಪಾಪ, ಅವನ ಕೆಲಸ ದುಬೈಗೆ ವರ್ಗವಾಗಿತ್ತಂತೆ. ಈ ದೇಶದಲ್ಲಿ ಜನ ಅಂಗಿ ಬದಲಿಸಿದ ಹಾಗೆ ಮನೆ ಬದಲಿಸುತ್ತಾರೆ. ಝಿಯಾದ್ ಮೆಟ್ಟಿಲ ಮೇಲಿಂದ ಅಪ್ಪನಿಗೆ ಕೈ ಬೀಸಿ, "ಖಲಾಸ್, ಖಲಾಸ್" ಎಂದ. ಅಪ್ಪ ಎರಡೂ ಕೈ ಎತ್ತಿ ಹರಸಿದ. ಆಮೇಲೆ ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಪರೀಕ್ಷೆಯಲ್ಲಿ ನಾನು ಫೇಲಾದಾಗಲೂ ಹಾಗೆ ನೋಡಿರಲಿಲ್ಲ. ಒಬ್ಬನಾದರೂ ಮಾತು ಕೇಳಿದ ಎಂಬ ನೋಟ.

ನಿನ್ನೆ ಸಂಜೆಯಿಂದಲೇ ಮಾಸ್ತರರು ಮುಐದರಿನಲ್ಲಿ ಪ್ರಚಾರ ಆರಂಭಿಸಿದ್ದಾರೆ. ನಮ್ಮ ಬೀದಿಯಲ್ಲಿ ಮೊದಲಿಂದ ಕೊನೆಯವರೆಗೆ ಗೇಟಿನ ನೀಲಿ ಫಲಕ ಓದುವುದು, ಬಾಗಿಲು ಬಡಿಯುವುದು, ಚೌಕಟ್ಟು ಬಿಚ್ಚಿಕೊಳ್ಳಿ ಎನ್ನುವುದು. ಇಂದು ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಫ್ಲೋರಿನ್ ಬಾಯಿಯವರನ್ನು ಎಬ್ಬಿಸಿ, "ಅವ್ವಾ, ಮ್ಯಾಲಿನ ಮಾಳಗಿ ಅಂತ ಧೈರ್ಯಾ ಮಾಡಬ್ಯಾಡ" ಎಂದಿದ್ದಾನೆ. ಆ ಪುಣ್ಯಾತ್ಮೆ ಬೈಯಲಿಲ್ಲ. ಒಳಗೆ ಕೂರಿಸಿ ಬಿ.ಪಿ. ನೋಡಿ, ಚಹಾ ಕೊಟ್ಟು, ನನಗೆ ಫೋನ್ ಮಾಡಿದರು. ಎದುರು ಮನೆಯವರು ಅಷ್ಟು ಪುಣ್ಯಾತ್ಮರಲ್ಲ. ಇನ್ನೊಮ್ಮೆ ಬಡಿದರೆ ಪೊಲೀಸರನ್ನು ಕರೆಯುತ್ತೇವೆ ಎಂದರು.

ನನ್ನ ಸ್ಥಿತಿ ನೋಡು. ಕಂಪನಿಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಅಪಾಯ ಬರುವ ಮೊದಲೇ ಜನರನ್ನು ಎಚ್ಚರಿಸುವುದು ನನ್ನ ಕೆಲಸ, ಯಾರೂ ಕೇಳದಿದ್ದರೂ ಸಂಬಳವಿದೆ. ಅಪ್ಪ ಅದನ್ನೇ ಪುಕ್ಕಟೆ ಮಾಡುತ್ತಿದ್ದಾನೆ. ಯಾವ ಬಾಯಲ್ಲಿ ಬೇಡ ಎನ್ನಲಿ?

ಈ ವಾರ ಹೊಸದೊಂದು ಆಟವನ್ನೂ ತೆಗೆದಿದ್ದಾನೆ. ಹೆಲ್ಮೆಟ್ಟು, ಮಿಂಚುವ ಹಳದಿ ಅಂಗಿ ತೊಟ್ಟು ನಾನು ಸಂಜೆ ಮನೆಗೆ ಬಂದರೆ ಎದ್ದು ನಿಂತು "ಬರ್ರಿ ಸಾಹೇಬ್ರ" ಎನ್ನುತ್ತಾನೆ. ನಾನೂ "ಕೂಡ್ರಿ ಮಾಸ್ತರ" ಎನ್ನುತ್ತೇನೆ. ಶಿಲ್ಪಶ್ರೀ ಮೊದಲ ದಿನ ನಕ್ಕಳು. ಈಗ ನಗುವುದಿಲ್ಲ. ನಾನು ಅಂಗಿ ಬಿಚ್ಚಿ ಬಂದರೂ ಅವನು ಕೂರುವುದಿಲ್ಲ ಎನ್ನುತ್ತಾಳೆ. ಅವಳಿಗೆ ನಮ್ಮ ಮನೆತನದ ಹಾಸ್ಯ ಗೊತ್ತಾಗುವುದಿಲ್ಲ, ಅಲ್ಲವೇ?

ಸಂಜೀವ


ನವನಗರ
24 ಫೆಬ್ರವರಿ 2025

ಸಂಜ್ಯಾ,

ಮತ್ತೆ ಶುರು ಮಾಡಿದನೇ? ಬಾಗಿಲಿಗೆ ಮೇಲಿನ ಚಿಲಕ ಹಾಕಿರಿ, ಕೆಳಗಿನದನ್ನು ತೆಗೆಯಲು ಅವನಿಗೆ ಬರುತ್ತದೆ. ಚಪ್ಪಲಿ ಬಚ್ಚಿಡಿ. ಗಂಟು ಬಿಚ್ಚಲು ಹೋಗಬೇಡಿ, ಬಿಚ್ಚಿದರೆ ಊಟ ಬಿಡುತ್ತಾನೆ.

ನೀ ಯಾವಾಗ ಬರ್ತಿ?

ಅಕ್ಕ


ಮುಐದರ್
25 ಫೆಬ್ರವರಿ 2025

ಅಕ್ಕಾ,

"ಮತ್ತೆ" ಎಂದರೆ ಏನು?

ಸಂಜೀವ


ನವನಗರ
26 ಫೆಬ್ರವರಿ 2025, ಶಿವರಾತ್ರಿ

ಸಂಜ್ಯಾ,

ಉಪವಾಸ ಇದ್ದೇನೆ, ಸುಳ್ಳು ಬರೆಯಲು ಶಕ್ತಿಯಿಲ್ಲ.

ದಸರೆಯಿಂದ ನಡೆದಿದೆ. ಬೆಳಗ್ಗೆ ಎದ್ದು ಹಿನ್ನೀರಿನ ದಂಡೆಗೆ ಹೋಗುವುದು, ಮೀನು ಹಿಡಿಯುವವರಿಗೆ ನಮ್ಮ ಓಣಿಗೆ ಬಿಡ್ರೋ ಎನ್ನುವುದು. ಅವರೂ ಪಾಪ ಒಂದೆರಡು ಸಲ ದೋಣಿಯಲ್ಲಿ ಕೂರಿಸಿಕೊಂಡು ಸುತ್ತಾಡಿಸಿದರು. ಬರೀ ನೀರು ನೋಡುತ್ತ ಇದು ದೇಸಾಯರ ವಾಡೆ, ಇದು ಅವರ ಮಲ್ಲಿಗೆ ತೋಟ, ಇದು ನಮ್ಮ ಕಟ್ಟೆ ಎಂದು ತೋರಿಸುತ್ತಿದ್ದನಂತೆ. ನನಗೆ ಅವರೇ ಬಂದು ಹೇಳಿ ನಕ್ಕರು. ನಾನೂ ನಕ್ಕೆ. ನಮ್ಮ ಮನೆಯಲ್ಲಿ ಮೊದಲು ನಗುವುದೇ ತಾನೇ ಪದ್ಧತಿ.

ಆಮೇಲೆ ನವನಗರದ ಮನೆಗಳನ್ನು ಬಡಿಯತೊಡಗಿದ. ಒಂದು ದಿನ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಅವರೇ ಹಿಡಿದು ತಂದರು. ಡಾಕ್ಟರು ಗುಳಿಗೆ ಕೊಟ್ಟು, ವಯಸ್ಸಾಯಿತು, ಜಾಗ ಬದಲಿಸಿ ನೋಡಿ ಎಂದರು. ನೀರು ಕಾಣದ ಜಾಗ ಯಾವುದೆಂದು ಯೋಚಿಸಿದಾಗ ಹೊಳೆದದ್ದು ನಿನ್ನ ಮರುಭೂಮಿ. ಹೇಳಿದ್ದರೆ ನೀನು ಗಾಬರಿಯಾಗಿ ಅಲ್ಲಿನ ಡಾಕ್ಟರ ಬಳಿ ಕೂರಿಸುತ್ತಿದ್ದೆ. ಹೇಳದಿದ್ದರೆ ಅಪ್ಪನಂತೆ ನೋಡಿಕೊಳ್ಳುತ್ತೀ ಎಂದುಕೊಂಡೆ. ನೀನು ಅಪ್ಪನಂತೆಯೇ ನೋಡಿಕೊಂಡೆ, ದೋಣಿ ಹತ್ತಿಸಿದೆ. ಯಾರನ್ನು ಬೈಯಲಿ?

ಮೀಸೆ ಕುಣಿಯುವುದನ್ನು ನಾನು ದೀಪಾವಳಿಯಿಂದ ನೋಡಿಲ್ಲ.

ನೀ ಯಾವಾಗ ಬರ್ತಿ?

ಅಕ್ಕ


ಮುಐದರ್
9 ಮಾರ್ಚ್ 2025

ಅಕ್ಕಾ,

ನಿನ್ನೆ ಸಂಜೆ ಅಪ್ಪನನ್ನು ವಿಮಾನ ಹತ್ತಿಸಿದೆ. ದುಖಾನಿನ ಎಣ್ಣೆ ಕಂಪನಿಯ ಸೋಮನಾಥ ರಜೆಗೆ ಹೊರಟಿದ್ದ, ಬಾದಾಮಿಯವನು. ಇಲ್ಲಿ ಊರಿಗೆ ಹೊರಟವರ ಕೈಗೆ ಉಪ್ಪಿನಕಾಯಿ, ಮೊಬೈಲು, ತಂದೆ ತಾಯಿ ಏನು ಕೊಟ್ಟರೂ ಇಲ್ಲ ಎನ್ನುವುದಿಲ್ಲ. ನೀನು ಈ ಹೊತ್ತಿಗೆ ಸರಕು ವಾಪಸು ಪಡೆದಿರುತ್ತೀ. ಕ್ಷಮಿಸು, ಅಂಗಡಿಯ ಪದ್ಧತಿ ಮುರಿದೆ.

ನಾನು ಮಾಡದ ಪ್ರಯತ್ನವಿಲ್ಲ. ಇಲ್ಲಿಯ ಡಾಕ್ಟರಿಗೆ ತೋರಿಸಿದೆ, ಅವರು ನಿಮ್ಮ ಡಾಕ್ಟರು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಗೇಟಿನ ನೀಲಿ ಫಲಕಕ್ಕೆ ಶಿಲ್ಪಶ್ರೀ ಕ್ಯಾಲೆಂಡರಿನ ಹಾಳೆ ಅಂಟಿಸಿದಳು. ಅಪ್ಪ ಅದನ್ನು ಕಿತ್ತು, ನಂಬರು ಮುಚ್ಚಿದರೆ ಪರಿಹಾರ ಸಿಗುವುದಿಲ್ಲ ಎಂದು ಅವಳಿಗೆ ಬುದ್ಧಿ ಹೇಳಿದ. ದೋಣಿ ನಿಲ್ಲಿಸಿದೆವು. ಅವನು ಎರಡೂ ಶುಕ್ರವಾರ ಗಂಟು ಹಿಡಿದು ಬಾಗಿಲ ಬಳಿ ಕೂತ. ಒಮ್ಮೆ ತಡೆಯದೆ, ಇಲ್ಲಿ ಆಣೆಕಟ್ಟೇ ಇಲ್ಲಪ್ಪಾ, ಹೊಳೆಯೇ ಇಲ್ಲ ಎಂದು ಕೂಗಾಡಿದೆ. ಅಪ್ಪ ನನ್ನನ್ನು ಬಹಳ ಕನಿಕರದಿಂದ ನೋಡಿ, "ನಾವೂ ಹಂಗ ಅಂದಿದ್ವಿ" ಎಂದ.

ಎದುರು ಮನೆಯವರು ಮಾತು ಉಳಿಸಿಕೊಂಡರು. ಪೊಲೀಸರು ಬಂದರು. ಒಳ್ಳೆಯ ಜನ, ಅಪ್ಪನ ಕೈ ಹಿಡಿದು ಮನೆಗೆ ತಂದು ಬಿಟ್ಟು, ನೋಡಿಕೊಳ್ಳಿ ಎಂದರು. ಹಗಲೆಲ್ಲ ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹೇಗೆ ನೋಡಿಕೊಳ್ಳಲಿ, ಎಂಟು ಸಂಸಾರದ ಮನೆಯಲ್ಲಿ, ಒಂದು ಮೇಲಿನ ಚಿಲಕ ಹಾಕಿ? ಅದಕ್ಕೇ ಕಳಿಸಿದೆ. ನನಗೆ ಬೇರೆ ದಾರಿ ತೋಚಲಿಲ್ಲ. ನಿನಗೆ ಅಂದು ತೋಚಿರಲಿಲ್ಲವಲ್ಲ, ಹಾಗೆ.

ಈಗ ವಿಮಾನ ನಿಲ್ದಾಣದ ಮಾತು. ಬರೆಯಬಾರದೆಂದುಕೊಂಡಿದ್ದೆ.

ಸೈಟಿನಿಂದ ನೇರ ಹೋಗಿದ್ದೆ, ಹಳದಿ ಅಂಗಿಯಲ್ಲಿ. ಅಪ್ಪನನ್ನು ಕರೆತಂದಿದ್ದ ಸೋಮನಾಥ ಸಾಲಿನಲ್ಲಿ ನಿಂತಿದ್ದ. ಅಪ್ಪ ಗಂಟನ್ನು ಕೆಳಗಿಟ್ಟು ನನಗೆ ಎರಡೂ ಕೈ ಮುಗಿದ.

"ಸಾಹೇಬ್ರ, ಒಂದ ಮಾತು ನಡಸಿಕೊಡ್ರಿ. ನನ್ನ ಮಗ ಪರದೇಶದಾಗ ಅದಾನ್ರಿ. ಅವ ಬಂದು ಒಮ್ಮಿ ಮನಿ ನೋಡೂ ಮಟ ನೀರು ಬಿಡಬ್ಯಾಡ್ರಿ."

ನಾನು ಮೀಸೆಯ ಬಲ ತುದಿ ನೋಡಿದೆ. ಎಡ ತುದಿಯನ್ನೂ ನೋಡಿದೆ. ಅಲ್ಲಿ ಗಾಳಿ ಇರಲಿಲ್ಲ. ಹೆಲ್ಮೆಟ್ ತೆಗೆದೆ. ಕೂದಲಿಲ್ಲದ ತಲೆ ಕಂಡು ಮತ್ತಷ್ಟು ದೊಡ್ಡ ಸಾಹೇಬನೆಂದುಕೊಂಡನೋ ಏನೋ, ಇನ್ನೂ ಬಗ್ಗಿದ. ನಾನೇ ನಿನ್ನ ಮಗ ಎನ್ನಬಹುದಿತ್ತು. ಹಾಗೆಂದರೆ ಸಾಹೇಬ ಮಾತು ತಪ್ಪಿಸುತ್ತಿದ್ದಾನೆಂದು ತಿಳಿಯುತ್ತಿದ್ದ.

ಆಗಲಿ ಮಾಸ್ತರ, ಬರೆದುಕೊಂಡಿದ್ದೇನೆ ಎಂದೆ.

"ಮರೀಬ್ಯಾಡ್ರಿ. ಅವನ ಹೆಸರು ಸಂಜೀವ" ಎಂದ.

ಗಂಟು ಎತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಸೋಮನಾಥನ ಹಿಂದೆ ನಡೆದ. ಕೊಡೆ ನನ್ನ ಕೈಯಲ್ಲೇ ಉಳಿಯಿತು. ಕೆಲಸದ ಜಾಗದಲ್ಲಿ ಎಲ್ಲರೂ ಅದನ್ನು ನೋಡಿ ನಗುತ್ತಿದ್ದಾರೆ.

ರಜೆ ಮಂಜೂರಾಗಿದೆ. ಮೇ ತಿಂಗಳು, ಮೂರು ವಾರ.

ಸಂಜೀವ


ನವನಗರ
21 ಮಾರ್ಚ್ 2025

ಸಂಜ್ಯಾ,

ಸರಕು ಮುಟ್ಟಿದೆ. ಸೋಮನಾಥ ಬಾಗಿಲತನಕ ತಂದು ಬಿಟ್ಟು, ಮಾಸ್ತರರು ವಿಮಾನದ ತುಂಬ ಎಲ್ಲರನ್ನೂ ನಗಿಸಿದರು ಎಂದ. ಗಗನಸಖಿಗೆ ಕಿಟಕಿಯ ಚೌಕಟ್ಟು ಗಟ್ಟಿ ಇದೆ ಎಂದು ಶಿಫಾರಸು ಕೊಟ್ಟನಂತೆ.

ಒಂದು ವಿಚಿತ್ರ. ಬಂದ ದಿನವೇ ಗಂಟು ತಾನಾಗಿ ಬಿಚ್ಚಿದ. ಧೋತರಗಳನ್ನು ಮಡಚಿ ಟ್ರಂಕಿನಲ್ಲಿಟ್ಟ. ಹಿನ್ನೀರಿನ ಕಡೆ ಹೋಗುತ್ತಿಲ್ಲ. ರಾತ್ರಿ ಗೊರಕೆ ಕೇಳಿ ನನಗೆ ನಿದ್ದೆ ಬರುತ್ತಿಲ್ಲ, ಅಷ್ಟು ಚೆನ್ನಾಗಿ ಮಲಗುತ್ತಾನೆ. ಬೆಳಗ್ಗೆ ಹಿತ್ತಲಿನ ಚೌಕಟ್ಟಿನ ಕೆಳಗೆ ಕುರ್ಚಿ ಹಾಕಿಕೊಂಡು, ಮನೆಯ ಬಾಗಿಲಲ್ಲಿ ಕೂತವನ ಹಾಗೆ ಕೂರುತ್ತಾನೆ. ನನ್ನ ಸೀರೆಗಳಿಗೆ ಬೇರೆ ಹಗ್ಗ ಕಟ್ಟಿದ್ದೇನೆ.

ಹಿತ್ತಲ ರಸ್ತೆಯಲ್ಲಿ ಹಾದು ಹೋಗುವವರನ್ನು ಕರೆದು ಧೈರ್ಯ ಹೇಳುತ್ತಾನೆ. ದೊಡ್ಡ ಸಾಹೇಬರನ್ನು ಖುದ್ದಾಗಿ ಕಂಡು ಬಂದಿದ್ದಾನಂತೆ, ಹಳದಿ ಅಂಗಿಯ ಸಾಹೇಬರು, ಬಹಳ ಸಂಭಾವಿತರು. ಮಗ ಬರುವತನಕ ನೀರು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಾರಂತೆ. ಮೊನ್ನೆ ಹಿಂದಿನ ಮನೆಯ ಹುಡುಗಿಯರು, "ಹಂಗಾದ್ರ ನಿಮ್ಮ ಮಗ ಬರೂದ ಬ್ಯಾಡ ಬಿಡ್ರಿ ಅಜ್ಜಾ" ಎಂದು ತಮಾಷೆ ಮಾಡಿದರು. ಅಪ್ಪನೂ ನಕ್ಕ. ಹೌದು ಸಂಜ್ಯಾ, ಮೀಸೆ ಕುಣಿಯಿತು, ನಾನೇ ನೋಡಿದೆ.

ಅವರು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಸಂಜ್ಯಾ ಬರ್ತೀನಂತ ಬರದಾನೇನು?" ಎಂದು ಕೇಳಿದ.

ನಿನ್ನ ಪತ್ರ ನನ್ನ ಕೈಯಲ್ಲೇ ಇತ್ತು. ಇನ್ನೂ ಇಲ್ಲಪ್ಪಾ ಎಂದೆ.

"ಚಲೋ ಆತು" ಎಂದ. ಎಷ್ಟೋ ಹೊತ್ತು ರಸ್ತೆಯನ್ನೇ ನೋಡುತ್ತ ಕೂತ. ಆಮೇಲೆ ಊಟಕ್ಕೆ ಕರೆದರೆ ಬರಲಿಲ್ಲ.

ಮೇ ತಿಂಗಳಿಗೆ ಟಿಕೆಟ್ ತೆಗೆದಿದ್ದರೆ ತಿಳಿಸು, ತೆಗೆಯದಿದ್ದರೂ ತಿಳಿಸು. ಯಾವುದಕ್ಕೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ.

ಈ ಹಾಳೆಯ ಕೊನೆಯಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ. ಫೋಟೋ ದೊಡ್ಡದು ಮಾಡಿ ನೋಡಬೇಡ. ಅದರಲ್ಲಿ ಏನಿತ್ತೆಂದು ನಿನಗೆ ಗೊತ್ತು.

ಅಕ್ಕ